ವೆಂಟಿಲೇಟರ್ ಮೇಲಿರೋ ಪೇಷಂಟು, ಪಕ್ಕದಲ್ಲಿ ನಿಂತು ಶ್ವಾಸಕೋಶ ಓದೋದು: ಪದೇ ಪದೇ ಕೇಳೋ ಪ್ರಶ್ನೆಗಳು

ದಾವಣಗೆರೇಲಿ ಐಸಿಯು ಡ್ಯೂಟಿ ಮಾಡೋ ಡಾಕ್ಟ್ರು ನಾನು, ಅನಸ್ತೇಶಿಯಾ ಓದ್ಕೊಂಡು ಈ ಕಡೆ ಬಂದೋನು. ಐಸಿಯು ಬಾಗಿಲ ಹೊರಗೆ ಚಾಪೆ ಹಾಸ್ಕೊಂಡು ಕೂತಿರೋ ಪೇಷಂಟ್ ಕಡೆಯೋರು ಕೇಳಿದ್ದು, ನೈಟ್ ಡ್ಯೂಟಿ ಸಿಸ್ಟರ್‌ಗಳು ಕೇಳಿದ್ದು, ಪಿಜಿ ಹುಡುಗರು ವಾಟ್ಸಾಪಲ್ಲಿ ಸ್ಕ್ರೀನ್ ಫೋಟೋ ಹೊಡೆದು ಕಳಿಸಿ "ಇದೇನ್ ಸರ್" ಅಂದಿದ್ದು, ಎಲ್ಲ ಇಲ್ಲಿ ಸೇರಿಸಿದೀನಿ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಕಷ್ಟದ್ದು. ಪ್ರೆಷರ್ ನಂಬರ್ ಎಲ್ಲೆಲ್ಲಿ ಬಂದಿದೆಯೋ ಅದೆಲ್ಲ ಸೆಂಟಿಮೀಟರ್ ನೀರಿನ ಲೆಕ್ಕ, ಪ್ರತಿಸಲ ಬರಿಯಕ್ಕಾಗಲ್ಲ. ಉದಾಹರಣೆಗೆ ಕೊಟ್ಟಿರೋ ಪೇಷಂಟ್‌ಗಳು ಯಾರೋ ಒಬ್ರಲ್ಲ, ಹತ್ತಾರು ಜನರನ್ನ ಕಲಸಿ ಮಾಡಿದ್ದು.

## ಪೇಷಂಟ್ ಕಡೆಯೋರು ಕೇಳೋದು

ಮಿಷಿನೇ ಉಸಿರಾಡಿಸ್ತೈತಲ್ರಿ, ಮತ್ತೆ ನೀವು ತಾಸಿಗೊಂದ್ಸಲ ಬಂದು ಏನ್ ನೋಡ್ತೀರಿ?

ಮಿಷಿನ್ ಗಾಳಿ ತಳ್ಳುತ್ತೆ ಅಷ್ಟೇ. ತಳ್ಳಿದ ಗಾಳಿ ಎಷ್ಟು ಕಷ್ಟಪಟ್ಟು ಒಳಗೆ ಹೋಯ್ತು, ಹೋಗಿದ್ದು ಪೂರ್ತಿ ವಾಪಸ್ ಬಂತಾ, ಇದನ್ನ ಯಾರಾದ್ರೂ ನಿಂತು ನೋಡ್ಲೇಬೇಕು. ಹೊಸ ಪುಗ್ಗ ಊದೋಕೆ ಕೆನ್ನೆ ನೋಯುತ್ತೆ, ನಾಕು ಸಲ ಊದಿ ಬಿಟ್ಟಿದ್ದು ಸಲೀಸಾಗಿ ಉಬ್ಬುತ್ತೆ, ಅದೇ ಮೆತ್ತನೆ ಪುಗ್ಗಕ್ಕೆ ಸಣ್ಣ ಸ್ಟ್ರಾ ಸಿಗಿಸಿ ಊದಿ ನೋಡಿ, ಮತ್ತೆ ಸುಸ್ತು. ಎದೆ ಒಳಗಿನ ಕಥೇನೂ ಇದೇ. ಪುಗ್ಗ ಗಟ್ಟಿಯಾಗಿದೆಯಾ ಇಲ್ಲಾ ಸ್ಟ್ರಾ ಸಣ್ಣಗಾಗಿದೆಯಾ ಅನ್ನೋದು ನಮ್ಮ ಪ್ರಶ್ನೆ, ಎರಡಕ್ಕೂ ಟ್ರೀಟ್‌ಮೆಂಟ್ ಬೇರೆ, ಮತ್ತೆ ಬೆಳಗ್ಗೆ ಇದ್ದಂಗೆ ಸಂಜೆಗೆ ಇರಲ್ಲ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಅನ್ನೋ ಅನಸ್ತೇಶಿಯಾ ಡಾಕ್ಟ್ರು ಗಂಟಲಿಗೆ ಟ್ಯೂಬ್ ಹಾಕಿಸಿ, ಮೆಡಿಕಲ್ ಸ್ಟೂಡೆಂಟ್‌ಗಳನ್ನ ಪಾಳಿ ಮೇಲೆ ಕೂರಿಸಿ ಹಗಲೂ ರಾತ್ರಿ ಕೈಯಲ್ಲೇ ಬ್ಯಾಗ್ ಒತ್ತಿಸಿದ್ರು. ಆ ಹುಡುಗರಿಗೆ ಸ್ಕ್ರೀನ್ ಎಲ್ಲಿತ್ತು, ಅಂಗೈಯೇ ಮಾನಿಟರ್. ಇವತ್ತಿಗೂ ಜಗಳೂರಿಂದ ಆಂಬುಲೆನ್ಸಲ್ಲಿ ಅಂಬು ಬ್ಯಾಗ್ ಒತ್ಕೊಂಡು ಬಂದ ಹುಡುಗನಿಗೆ ನಾನು ಕೇಳೋ ಮೊದಲ ಮಾತು, "ಬ್ಯಾಗ್ ಗಟ್ಟಿ ಬರ್ತಿತ್ತೇನಪ್ಪ, ಮೆತ್ತಗೆ ಬರ್ತಿತ್ತಾ?" ಅರ್ಧ ಡಯಾಗ್ನೋಸಿಸ್ ಅಲ್ಲೇ ಸಿಕ್ಕಿರುತ್ತೆ.

ಮಿಷಿನ್ ಒಂದೇ ಸಮ ಬಡ್ಕಂತೈತಿ, ಯಾರೂ ಓಡಿ ಬರವಲ್ರು, ಯಾಕ್ರಿ?

ಬೇಜಾರಾಗೋದು ಸಹಜ. ಆದ್ರೆ ಅಲಾರಂನಲ್ಲಿ ಎಷ್ಟೋ ತರ ಇದಾವೆ. ಕೆಮ್ಮಿದ್ರೆ ಕೂಗುತ್ತೆ, ಟ್ಯೂಬ್ ಕಚ್ಚಿದ್ರೆ ಕೂಗುತ್ತೆ, ಮಗ್ಗುಲು ಬದಲಿಸುವಾಗ ಪೈಪ್ ಮಡಚಿದ್ರೂ ಕೂಗುತ್ತೆ, ಸಿಸ್ಟರ್ ದೂರದಿಂದಲೇ ಸದ್ದು ಕೇಳಿ ಗುರುತು ಹಿಡಿತಾರೆ. ಪ್ರೆಷರ್ ಮಿತಿ ದಾಟಿದ ಅಲಾರಂ ಮಾತ್ರ ಹುಷಾರಾಗಿ ನೋಡ್ಬೇಕು, ಯಾಕಂದ್ರೆ ಮಿತಿ ಮುಟ್ಟಿದ ಕೂಡ್ಲೇ ಮಿಷಿನ್ ಆ ಉಸಿರನ್ನ ಅಲ್ಲಿಗೇ ನಿಲ್ಲಿಸಿಬಿಡುತ್ತೆ, ಪೇಷಂಟ್‌ಗೆ ಸೇರಬೇಕಾದ ಗಾಳಿ ಪೂರ್ತಿ ಸೇರಲ್ಲ.

ಹಿಂದೆ ನಾನು ಕೆಲಸ ಮಾಡ್ತಿದ್ದ ಒಂದು ಕಡೆ ರಾತ್ರಿ ಯಾರೋ ಗಲಾಟೆ ತಡೀಲಾರದೆ ಅಲಾರಂ ಮಿತೀನ 40ರಿಂದ 60ಕ್ಕೆ ಏರಿಸಿ ಮಲಗಿದ್ರು. ಬೆಳಗ್ಗೆ ಟ್ಯೂಬ್ ತೆಗೆದು ನೋಡಿದ್ರೆ ಒಳಗೆ ಕಫ ಒಣಗಿ ಬೆಲ್ಲದ ಪಾಕದಂಗೆ ಗಟ್ಟಿಯಾಗಿ ಅರ್ಧ ದಾರಿ ಮುಚ್ಚಿತ್ತು. ಹಂಗಾಗಿ ಅಲಾರಂ ಕೂಗಿದಾಗ ಯಾರೂ ಬರ್ಲಿಲ್ಲ ಅಂದ್ರೆ ಒಳಗೆ ಬಂದು ಕರೀರಿ, ಬೈದ್ರೆ ಬೈಸ್ಕೊಳ್ಳಿ. ನೀವಾಗೇ ಬಟನ್ ಮಾತ್ರ ಒತ್ತಬೇಡಿ.

ಹಾವು ಕಡಿದೋರಿಗೂ ವೆಂಟಿಲೇಟರ್, ನಮ್ಮಪ್ಪಗೂ ವೆಂಟಿಲೇಟರ್. ಪಕ್ಕದ ಬೆಡ್‌ನ ಹುಡ್ಗ ಐದು ದಿನಕ್ಕೆ ಎದ್ದು ಹೋದ, ನಮ್ಮವ್ರು ಯಾಕೆ ಏಳವಲ್ರು?

ಈ ಭಾಗದಲ್ಲಿ ಇದು ಬಾಳ ಸಲ ಬರೋ ಪ್ರಶ್ನೆ, ಹೊಲದ ಕೆಲಸದೋರು ಜಾಸ್ತಿ ನೋಡಿ. ಕಟ್ಟುಹಾವು, ನಾಗರಹಾವು ಕಡಿದ್ರೆ ಉಸಿರಾಡಿಸೋ ಸ್ನಾಯು ಬಿದ್ದೋಗುತ್ತೆ, ಶ್ವಾಸಕೋಶ ಮಾತ್ರ ಹೊಚ್ಚ ಹೊಸದಿದ್ದಂಗೆ ಇರುತ್ತೆ. ಪುಗ್ಗ ಚೆನ್ನಾಗಿದೆ, ಊದೋನು ಮಲಗಿದಾನೆ ಅಷ್ಟೇ. ವಿಷದ ಪ್ರಭಾವ ಇಳಿಯೋತನಕ ಮಿಷಿನ್ ಊದಿದ್ರೆ ಸಾಕು, ಎದ್ದು ಕೂರ್ತಾನೆ. ನಿಮ್ಮಪ್ಪಂದು ನಿಮೋನಿಯಾ, ಅಲ್ಲಿ ಪುಗ್ಗಾನೇ ಹಾಳಾಗಿದೆ, ನೀರು ಕೀವು ತುಂಬಿ ಮುಕ್ಕಾಲು ಭಾಗ ಗಾಳಿ ತಗೊಳ್ತಿಲ್ಲ.

ಬೆಳೆಗೆ ಹೊಡಿಯೋ ಔಷಧಿ ಮೈಗೇರಿ ಬಂದೋರದ್ದು ಇವೆರಡರ ಮಧ್ಯ. ಮೊದಲ ದಿನ ಎದೆ ತುಂಬ ನೊರೆ, ಕಫ, ಉಸಿರಿನ ದಾರಿ ಬಿಗಿತ. ಅಟ್ರೋಪಿನ್ ಕೊಟ್ಟು ಅದು ಒಣಗಿತು, ಸದ್ಯ ಬದುಕಿದ ಅಂದ್ಕೊಳ್ಳೋ ಹೊತ್ತಿಗೆ, ಒಂದರಿಂದ ನಾಕು ದಿನದ ಒಳಗೆ ಕುತ್ತಿಗೆ ಎತ್ತಕ್ಕಾಗಲ್ಲ, ಉಸಿರಿನ ಸ್ನಾಯು ಸೋಲುತ್ತೆ. ಮಿಷಿನ್ ಒಂದೇ, ಕಾಯಿಲೆ ಮೂರು ತರ. ಇನ್ನೊಬ್ರ ಬೆಡ್ ನೋಡಿ ದಿನ ಎಣಿಸಬೇಡಿ.

ನಮ್ಮ ಯಜಮಾನ್ರು 85 ಕೆಜಿ ಆಳು ಸರ್, 370 ಎಂಎಲ್ ಗಾಳಿ ಯಾವ ಮೂಲೆಗೆ ಸಾಕು?

ಗಾಳಿ ಅಳತೆ ತೂಕ ನೋಡಿ ಕೊಡಲ್ಲ, ಎತ್ತರ ನೋಡಿ ಕೊಡೋದು. ಬೆಣ್ಣೆದೋಸೆ ತಿಂದು ಹೊಟ್ಟೆ ಬರುತ್ತೆ, ಶ್ವಾಸಕೋಶ ಬೆಳೆಯಲ್ಲ. ಲೆಕ್ಕ ಹಿಂಗೆ: ಎತ್ತರ ಸೆಂಟಿಮೀಟರಲ್ಲಿ ತಗೊಂಡು 152.4 ಕಳೀರಿ, 0.91ರಿಂದ ಗುಣಿಸಿ, ಗಂಡಸರಾದ್ರೆ 50, ಹೆಂಗಸರಾದ್ರೆ 45.5 ಕೂಡಿಸಿ. ನಿಮ್ಮ ಯಜಮಾನ್ರು 165 ಸೆಂಟಿಮೀಟರ್, ಲೆಕ್ಕದ ತೂಕ 61.5 ಕೆಜಿ, ಕೆಜಿಗೆ 6 ಎಂಎಲ್ ಅಂದ್ರೆ 370 ಆಯ್ತು.

ಇದು ನಮ್ಮ ಜಿಪುಣತನ ಅಲ್ಲ. 2000ನೇ ಇಸವೀಲಿ ಅಮೆರಿಕದಲ್ಲಿ 861 ಪೇಷಂಟ್‌ಗಳ ಮೇಲೆ ಒಂದು ದೊಡ್ಡ ಟ್ರಯಲ್ ಬಂತು, ಶ್ವಾಸಕೋಶ ತೀರಾ ಹದಗೆಟ್ಟ ಎಆರ್‌ಡಿಎಸ್ ಪೇಷಂಟ್‌ಗಳದ್ದು. ಕೆಜಿಗೆ 12 ಎಂಎಲ್ ಕೊಟ್ಟ ಗುಂಪಲ್ಲಿ ಸುಮಾರು 40% ತೀರ್ಕೊಂಡ್ರು, 6 ಕೊಟ್ಟ ಗುಂಪಲ್ಲಿ 31%. ಒಳ್ಳೇದಾಗ್ಲಿ ಅಂತ ಜಾಸ್ತಿ ಕೊಟ್ಟ ಗಾಳೀನೇ ಹಿಗ್ಗಿಸಿ ಹಿಗ್ಗಿಸಿ ಉಳಿದಿದ್ದ ಒಳ್ಳೆ ಭಾಗಾನೂ ಕೆಡಿಸ್ತಿತ್ತು. ಅದಕ್ಕೇ ಅಡ್ಮಿಟ್ ಆದ ಕೂಡ್ಲೇ ಟೇಪ್ ತಂದು ಮಲಗಿದಲ್ಲೇ ಎತ್ತರ ಅಳಿತೀವಿ, ಜನ ನಗ್ತಾರೆ, ಟೈಲರ್ ಬಂದ ಅಂತಾರೆ, ನಗ್ಲಿ.

## ಸಿಸ್ಟರ್‌ಗಳು, ಹೊಸದಾಗಿ ಐಸಿಯು ಡ್ಯೂಟಿಗೆ ಬಂದೋರು ಕೇಳೋದು

ಪೀಕ್ ಪ್ರೆಷರ್ 42 ತೋರಿಸ್ತಿದೆ ಸರ್, ಮೊದ್ಲು ಏನ್ ಮಾಡ್ಲಿ?

ಮೊದ್ಲು ಸ್ಕ್ರೀನ್ ಬಿಟ್ಟು ಪೇಷಂಟ್ ನೋಡು. ಎದೆ ಎರಡೂ ಕಡೆ ಏಳ್ತಿದೆಯಾ, ಸ್ಯಾಚುರೇಶನ್, ಬಿಪಿ ಹೆಂಗಿದೆ. ಕೆಡ್ತಿದ್ರೆ ಮಿಷಿನ್ ಬಿಡಿಸಿ ಕೈಯಲ್ಲಿ ಬ್ಯಾಗ್ ಒತ್ತು, ಜೋರಾಗಿ ಕರಿ. ಪರವಾಗಿಲ್ಲ ಅನ್ನೋ ಸ್ಥಿತಿ ಇದ್ರೆ ಇನ್ಸ್ಪಿರೇಟರಿ ಹೋಲ್ಡ್ ಒತ್ತು, ಗಾಳಿ ಒಳಗೆ ಹೋದ ಮೇಲೆ ಒಂದು ಕ್ಷಣ ಅಲ್ಲೇ ತಡೆದು ನಿಲ್ಲಿಸೋ ಬಟನ್ ಅದು.

ಹೈವೇ ಪಂಕ್ಚರ್ ಅಂಗಡೀಲಿ ಲಾರಿ ಟೈರಿಗೆ ಗಾಳಿ ಹಾಕೋದು ನೋಡಿರ್ತೀರಲ್ಲ, ಗನ್ ಅದುಮಿದಾಗ ಮುಳ್ಳು ಜರ್ರ್ ಅಂತ ಮೇಲೆ ಹೋಗುತ್ತೆ, ಅದು ಟೈರಿನ ಪ್ರೆಷರ್ ಅಲ್ಲ, ಪೈಪಲ್ಲಿ ಗಾಳಿ ನುಗ್ಗೋ ಪ್ರೆಷರ್. ಹುಡುಗ ಅದುಮೋದು ಬಿಡ್ತಾನೆ, ಮುಳ್ಳು ಕೆಳಗಿಳಿದು ನಿಲ್ಲುತ್ತೆ, ಆಗ ಓದೋದು. ನಮ್ಮ ಹೋಲ್ಡ್ ಬಟನ್ನೂ ಅದೇ. ಗಾಳಿ ನುಗ್ಗುವಾಗಿನ ಮೇಲಿನ ನಂಬರ್ ಪೀಕ್, ನಿಲ್ಲಿಸಿದಾಗ ಇಳಿದು ನಿಂತಿದ್ದು ಪ್ಲಾಟೋ. ಎರಡರ ನಡುವಿನ ಅಂತರ ಪೈಪಿಂದು, ಉಳಿದಿದ್ದು ಶ್ವಾಸಕೋಶ ಮತ್ತೆ ಎದೆಗೂಡಿಂದು.

ಒಂದೇ ರಾತ್ರಿ ಎರಡು ಬೆಡ್, ಎರಡರಲ್ಲೂ ಪೀಕ್ 42, ಎರಡರಲ್ಲೂ ಫ್ಲೋ (ಗಾಳಿ ನುಗ್ಗೋ ವೇಗ) ನಿಮಿಷಕ್ಕೆ 60 ಲೀಟರ್, ಅಂದ್ರೆ ಸೆಕೆಂಡಿಗೆ 1 ಲೀಟರ್. ಮೂರನೇ ಬೆಡ್‌ನಲ್ಲಿ ಮಂಡಕ್ಕಿ ಭಟ್ಟೀಲಿ ಮೂವತ್ತು ವರ್ಷ ಹೊಗೆ ಕುಡಿದ ಅಜ್ಜ, ಹೋಲ್ಡ್ ಒತ್ತಿದ್ರೆ ಪ್ಲಾಟೋ 18ಕ್ಕೆ ಬಿತ್ತು. ಅಂತರ 24, ಅದನ್ನ ಫ್ಲೋ 1ರಿಂದ ಭಾಗಿಸಿದ್ರೆ ರೆಸಿಸ್ಟೆನ್ಸ್, ಅಂದ್ರೆ ದಾರಿಯ ತಡೆ, 24. ಟ್ಯೂಬ್ ಹಾಕಿದ ದೊಡ್ಡೋರಲ್ಲಿ 10ರ ಆಸುಪಾಸು ಇರಬೇಕಿತ್ತು. ತೊಂದ್ರೆ ದಾರೀಲಿ: ಕಫ, ದಮ್ಮು, ಟ್ಯೂಬ್ ಕಚ್ಚಿದ್ದು, ಒದ್ದೆಯಾದ ಫಿಲ್ಟರ್. ಸಕ್ಷನ್ ಹಾಕು, ಫಿಲ್ಟರ್ ಬದಲಿಸು, ನೆಬುಲೈಸೇಶನ್ ಕೊಡು. ಏಳನೇ ಬೆಡ್‌ನಲ್ಲಿ ನಿಮೋನಿಯಾ ಹೆಂಗಸು, ಹೋಲ್ಡ್ ಒತ್ತಿದ್ರೂ 33ರಲ್ಲೇ ನಿಂತಿದೆ. ದಾರಿ ಸಲೀಸು, ಒಳಗೇ ಗಟ್ಟಿ: ಶ್ವಾಸಕೋಶ ಬಿಗಿದಿದೆಯಾ, ಒಂದು ಕಡೆ ಕುಸಿದಿದೆಯಾ, ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಗೂಡಲ್ಲಿ ಗಾಳಿ ಸೇರೋದು) ಆಗಿದೆಯಾ, ಟ್ಯೂಬ್ ಬಲಗಡೆ ಜಾರಿದೆಯಾ, ಹೊಟ್ಟೆ ಉಬ್ಬಿ ಒತ್ತುತ್ತಿದೆಯಾ. ಇಲ್ಲಿ ನೆಬುಲೈಸರ್ ಹಾಕ್ಕೊಂಡು ಕೂತ್ರೆ ಟೈಮ್ ಹೋಗುತ್ತೆ.

ಹೋಲ್ಡ್ ಎಷ್ಟೊತ್ತು ಒತ್ತಬೇಕು? ಒಂದೊಂದ್ಸಲ ಒಂದೊಂದು ನಂಬರ್ ಬರುತ್ತಲ್ಲ?

ಅರ್ಧ ಸೆಕೆಂಡ್ ಕನಿಷ್ಠ, ಗೆರೆ ಸಪಾಟಾಗೋತನಕ ಅಂದ್ರೆ ಒಂದೆರಡು ಸೆಕೆಂಡ್. ಗೆರೆ ಸಪಾಟಾಗದೆ ಇಳೀತಾನೇ ಇದ್ರೆ ಎಲ್ಲೋ ಲೀಕ್ ಇದೆ: ಕಫ್, ಅಂದ್ರೆ ಟ್ಯೂಬ್ ತುದೀಲಿ ಸುತ್ತ ಇರೋ ಬಲೂನಿನ ಪ್ರೆಷರ್ ನೋಡು, 20ರಿಂದ 30ರ ನಡುವೆ ಇರಬೇಕು, ಎದೆಗೆ ಹಾಕಿದ ಐಸಿಡಿ ಟ್ಯೂಬಲ್ಲಿ (ಗಾಳಿ, ನೀರು ಹೊರಗೆ ತೆಗೆಯೋ ಪೈಪು) ಗುಳ್ಳೆ ಬರ್ತಿದೆಯಾ ನೋಡು.

ಒಂದೊಂದ್ಸಲ ಒಂದೊಂದು ನಂಬರ್ ಬಂತು ಅಂದ್ರೆ ಪೇಷಂಟ್ ತಾನೂ ಸೇರ್ಕೊಂಡಿದಾನೆ ಅಂತ. ಹೋಲ್ಡ್ ಹೊತ್ತಲ್ಲಿ ಒಳಕ್ಕೆ ಎಳೀತಿದ್ರೆ ನಂಬರ್ ಕಮ್ಮಿ ಬರುತ್ತೆ, ಹೊಟ್ಟೆ ಬಿಗಿದು ಹೊರಕ್ಕೆ ದಬ್ಬುತ್ತಿದ್ರೆ ಜಾಸ್ತಿ ಬರುತ್ತೆ. ಇದರಲ್ಲಿ ನಾನೇ ಮೋಸ ಹೋಗಿದೀನಿ, ಪಿಜಿ ಮಾಡುವಾಗ ಪ್ಲಾಟೋ 19 ಅಂತ ಖುಷಿಯಾಗಿ ಚಾರ್ಟಲ್ಲಿ ಬರೆದು ಟೀ ಕುಡಿಯೋಕೆ ಹೋದೆ, ಸೀನಿಯರ್ ಬಂದು ಸೆಡೇಶನ್ ಸರಿಮಾಡಿ ಮತ್ತೆ ಹೋಲ್ಡ್ ಒತ್ತಿದ್ರೆ 31. ನಾನು ಬರೆದಿದ್ದು ಶ್ವಾಸಕೋಶದ ನಂಬರ್ ಅಲ್ಲ, ಪೇಷಂಟ್ ಒದ್ದಾಟದ ನಂಬರ್. ಗೆರೆ ಅಲ್ಲಾಡ್ತಿದ್ರೆ ಬರೀಬೇಡಿ, ಖಾಲಿ ಬಿಡಿ, ಖಾಲಿ ಜಾಗ ಯಾರಿಗೂ ಸುಳ್ಳು ಹೇಳಲ್ಲ.

ನಾವು ಪ್ರೆಷರ್ ಕಂಟ್ರೋಲ್ ಮೋಡಲ್ಲಿ ಇಟ್ಟಿದೀವಿ, ಪೀಕ್ ಏರೋದೇ ಇಲ್ಲ. ಸೇಫ್ ಅಲ್ವಾ?

ಪೀಕ್ ಏರಲ್ಲ, ಯಾಕಂದ್ರೆ ನೀವೇ ಕಟ್ಟಿಹಾಕಿದೀರಿ. ಅಲ್ಲಿ ಕಣ್ಣು ಇರಬೇಕಾದ್ದು ವಾಲ್ಯೂಮ್ ಮೇಲೆ. ಟ್ಯೂಬಲ್ಲಿ ಕಫ ಕಟ್ಟಿದ್ರೆ ಪ್ರೆಷರ್ ಅಲ್ಲೇ ಇರುತ್ತೆ, 400 ಬರ್ತಿದ್ದ ಗಾಳಿ ಸದ್ದಿಲ್ಲದೆ 220ಕ್ಕೆ ಇಳಿದಿರುತ್ತೆ. ಅದಕ್ಕೆ ವಾಲ್ಯೂಮ್ ಕಮ್ಮಿ ಅಲಾರಂ ಸರಿಯಾಗಿ ಸೆಟ್ ಮಾಡ್ಬೇಕು. ಉಸಿರೊಳಗೆ ಹೋಗೋ ಹೊತ್ತು ಮುಗಿಯೋದ್ರೊಳಗೆ ಫ್ಲೋ ಗೆರೆ ಸೊನ್ನೆ ಮುಟ್ಟಿದ್ರೆ ಆ ಮೇಲಿನ ಪ್ರೆಷರ್ ಹೆಚ್ಚುಕಮ್ಮಿ ಪ್ಲಾಟೋನೇ. ಮುಟ್ಟದಿದ್ರೆ ಹೋಲ್ಡ್ ಒತ್ತಿಯೇ ನೋಡಿ.

ಫ್ಲೋ ಗೆರೆ ಗರಗಸದ ಹಲ್ಲಿನಂಗೆ ಬರ್ತಿದೆ, ಮಿಷಿನ್ ಕೆಟ್ಟಿದೆಯಾ?

ಇಲ್ಲ. ಕಫ ಇದೆ, ಇಲ್ಲಾ ಸರ್ಕ್ಯೂಟ್ ಪೈಪಲ್ಲಿ ನೀರು ನಿಂತಿದೆ. ಪೈಪ್ ಎತ್ತಿ ನೀರು ಟ್ರ್ಯಾಪಿಗೆ ಬಿಡಿ, ಪೇಷಂಟ್ ಕಡೆಗೆ ಹರಿಸ್ಬೇಡಿ. ಹೋಗ್ಲಿಲ್ಲ ಅಂದ್ರೆ ಸಕ್ಷನ್.

ಪೀಪ್ 5 ಇಟ್ಟಿದೀವಿ, ಎಕ್ಸ್ಪಿರೇಟರಿ ಹೋಲ್ಡ್ ಮಾಡಿದ್ರೆ 9 ಬರುತ್ತೆ. 4 ಎಲ್ಲಿಂದ ಬಂತು?

ಪೀಪ್ ಅಂದ್ರೆ ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಮುಚ್ಚದಂಗೆ ಮಿಷಿನ್ ಉಳಿಸೋ ಪ್ರೆಷರ್, ಎಕ್ಸ್ಪಿರೇಟರಿ ಹೋಲ್ಡ್ ಅಂದ್ರೆ ಉಸಿರು ಬಿಟ್ಟ ಕೊನೇಲಿ ದಾರಿ ಮುಚ್ಚಿ ಅದನ್ನ ಓದೋದು. ಆ ನಾಕು ಪೇಷಂಟ್ ಒಳಗೇ ಸಿಕ್ಕಿಹಾಕ್ಕೊಂಡಿರೋ ಗಾಳಿ, ಆಟೋ ಪೀಪ್. ಅದೇ ಮಂಡಕ್ಕಿ ಭಟ್ಟಿ ಅಜ್ಜಂದು ತಗೊಳ್ಳಿ. ದಾರಿ ಸಣ್ಣ, ಗಾಳಿ ಒಳಗೆ ಹೋಗೋದು ಮಿಷಿನ್ ಜೋರಿಗೆ, ಹೊರಗೆ ಬರೋದು ಮಾತ್ರ ತನ್ನಷ್ಟಕ್ಕೆ ನಿಧಾನ. ಪೂರ್ತಿ ಹೊರಗೆ ಬರೋದ್ರೊಳಗೆ ಮುಂದಿನ ಉಸಿರು ನುಗ್ಗಿಬಿಡುತ್ತೆ. ಬಸ್‌ಸ್ಟ್ಯಾಂಡಲ್ಲಿ ಇಳಿಯೋರು ಇಳಿಯೋದ್ರೊಳಗೆ ಹತ್ತೋರು ನುಗ್ಗಿದಂಗೆ. ಸ್ಕ್ರೀನಲ್ಲಿ ಗುರುತು ಸುಲಭ, ಉಸಿರು ಬಿಡೋ ಫ್ಲೋ ಗೆರೆ ಸೊನ್ನೆಗೆ ಬರೋ ಮುಂಚೆನೇ ಮುಂದಿನ ಉಸಿರು ಶುರುವಾಗಿರುತ್ತೆ.

ಇದರಿಂದ ಲೆಕ್ಕಾನೂ ತಪ್ಪುತ್ತೆ. ಅಜ್ಜಂಗೆ ಕೊಟ್ಟಿದ್ದು 450 ಎಂಎಲ್, ಪ್ಲಾಟೋ 18. ನಾವಿಟ್ಟ 5 ಕಳೆದ್ರೆ 13, ಕಂಪ್ಲಯನ್ಸ್ (ಪುಗ್ಗ ಎಷ್ಟು ಮೆತ್ತಗಿದೆ ಅನ್ನೋ ಅಳತೆ) 450 ಭಾಗಿಸು 13, ಸುಮಾರು 35, ಅಯ್ಯೋ ಶ್ವಾಸಕೋಶ ಗಟ್ಟಿ ಅನ್ನಿಸುತ್ತೆ. ನಿಜವಾಗಿ ಒಳಗಿದ್ದ 9 ಕಳೆದ್ರೆ ಉಳಿಯೋದು 9, ಕಂಪ್ಲಯನ್ಸ್ 50. ಅಜ್ಜನ ಶ್ವಾಸಕೋಶ ಮೆತ್ತಗೇ ಇದೆ.

ಮಾಡಬೇಕಾದ್ದು ಬಿಡೋಕೆ ಟೈಮ್ ಕೊಡೋದು: ರೇಟ್ (ನಿಮಿಷಕ್ಕೆ ಎಷ್ಟು ಉಸಿರು) ಇಳಿಸಿ, ಅದೇ ಮುಖ್ಯ, ಆಮೇಲೆ ವಾಲ್ಯೂಮ್ ಸ್ವಲ್ಪ ಕಮ್ಮಿ, ಒಳಗೆ ಹೋಗೋ ಹೊತ್ತು ಚಿಕ್ಕದು, ದಮ್ಮಿನ ಔಷಧಿ. ದಮ್ಮಿನ ಪೇಷಂಟ್‌ಗೆ ಟ್ಯೂಬ್ ಹಾಕಿದ ಐದು ನಿಮಿಷಕ್ಕೆ ಬಿಪಿ ಬಿದ್ರೆ ಔಷಧಿ ಹುಡುಕೋ ಮುಂಚೆ ಒಂದು ಕ್ಷಣ ಟ್ಯೂಬಿಂದ ಸರ್ಕ್ಯೂಟ್ ಬಿಡಿಸಿ ಗಾಳಿ ಹೊರಗೆ ಬಿಡಿ. ಗಾಳಿ ಕಟ್ಟಿ ಹೃದಯಕ್ಕೆ ರಕ್ತ ಬರೋದು ನಿಂತಿದ್ರೆ ಬಿಪಿ ಕಣ್ಮುಂದೆ ಏರುತ್ತೆ. ಏರ್ಲಿಲ್ಲ ಅಂದ್ರೆ ನ್ಯುಮೋಥೊರಾಕ್ಸ್ ಇದೆಯಾ ನೋಡಿ.

ಕಂಪ್ಲಯನ್ಸ್ ನಾರ್ಮಲ್ ಎಷ್ಟು? ಚಾರ್ಟಲ್ಲಿ ಏನೇನು ಬರೀಬೇಕು?

ಆಪರೇಷನ್‌ಗೆ ಅಂತ ಮಲಗಿಸಿದ ಆರೋಗ್ಯವಂತರಲ್ಲಿ 50ರಿಂದ 80 ಎಂಎಲ್, ಅಂದ್ರೆ ಒಂದು ಸೆಂಟಿಮೀಟರ್ ಪ್ರೆಷರ್‌ಗೆ ಅಷ್ಟು ಗಾಳಿ. ಎಆರ್‌ಡಿಎಸ್‌ನಲ್ಲಿ 40ಕ್ಕಿಂತ ಕಮ್ಮಿ ಬಾಳ ಜನಕ್ಕೆ. ಒಂದು ದಿನದ ನಂಬರಿಗಿಂತ ನಿನ್ನೆಗೂ ಇವತ್ತಿಗೂ ಏನಾಯ್ತು ಅನ್ನೋದು ದೊಡ್ಡದು. ಪ್ರತಿ ಶಿಫ್ಟಲ್ಲಿ ಒಂದ್ಸಲ, ಸೆಟಿಂಗ್ ಬದಲಿಸಿದಾಗ ಒಂದ್ಸಲ, ಪೀಕ್, ಪ್ಲಾಟೋ, ಒಟ್ಟು ಪೀಪ್, ವಾಲ್ಯೂಮ್ ಬರೀರಿ, ಪೇಷಂಟ್ ತಾನು ಉಸಿರು ಎಳೀತಿದ್ರಾ ಇಲ್ವಾ ಅಂತಾನೂ ಪಕ್ಕದಲ್ಲಿ ಒಂದು ಪದ. ಈ ಕೊನೇದನ್ನ ಯಾರೂ ಬರಿಯಲ್ಲ, ಬರಿಯದಿದ್ರೆ ಮೊದಲ ನಾಕಕ್ಕೂ ಬೆಲೆ ಇಲ್ಲ.

## ಪಿಜಿಗಳು ಕೇಳೋದು

ಪ್ಲಾಟೋ 30 ಒಳಗಿದ್ರೆ ಸಾಕಲ್ವಾ ಸರ್, ಮತ್ತೆ ಡ್ರೈವಿಂಗ್ ಪ್ರೆಷರ್ ಯಾಕೆ?

ಕೆಜಿಗೆ 6 ಎಂಎಲ್ ಅನ್ನೋದು ಪೂರ್ತಿ ಶ್ವಾಸಕೋಶ ಇದ್ದೋರ ಲೆಕ್ಕ. ಎಆರ್‌ಡಿಎಸ್‌ನಲ್ಲಿ ಗಾಳಿ ತಗೊಳ್ಳೋ ಭಾಗ ಸಣ್ಣ ಮಗುವಿನ ಶ್ವಾಸಕೋಶದಷ್ಟು ಆಗಿಬಿಡುತ್ತೆ, ಬೇಬಿ ಲಂಗ್ ಅಂತ ಲುಚಿಯಾನೊ ಗಟ್ಟಿನೊನಿ ಹೇಳಿದ್ದು ಇದನ್ನೇ. ಕಂಪ್ಲಯನ್ಸ್ ಅಂದ್ರೆ ಆ ಉಳಿದ ಭಾಗದ ಅಳತೆ, ಡ್ರೈವಿಂಗ್ ಪ್ರೆಷರ್ ಅಂದ್ರೆ ಆ ಅಳತೆಗೆ ನೀವು ಎಷ್ಟು ಗಾಳಿ ತುರುಕಿದ್ರಿ ಅನ್ನೋದು. ಪ್ಲಾಟೋದಲ್ಲಿ ಒಟ್ಟು ಪೀಪ್ ಕಳೆದ್ರೆ ಆಯ್ತು.

ಏಳನೇ ಬೆಡ್ ಹೆಂಗಸಿಗೆ 380 ಎಂಎಲ್, ಪ್ಲಾಟೋ 33, ಪೀಪ್ 12. ಡ್ರೈವಿಂಗ್ ಪ್ರೆಷರ್ 21, ಕಂಪ್ಲಯನ್ಸ್ 18. ಎತ್ತರದ ಲೆಕ್ಕದಲ್ಲಿ 380 ಸರೀನೇ ಇದ್ರೂ ಅವಳಿಗೆ ಉಳಿದಿರೋ ಶ್ವಾಸಕೋಶಕ್ಕೆ ಅದು ಜಾಸ್ತಿ. 2015ರಲ್ಲಿ ಅಮಾಟೊ ಮತ್ತೆ ಜೊತೆಗಾರರು 9 ಟ್ರಯಲ್‌ಗಳ 3562 ಪೇಷಂಟ್‌ಗಳ ಡೇಟಾ ಸೇರಿಸಿ ನೋಡಿದಾಗ, ವಾಲ್ಯೂಮ್, ಪೀಪ್, ಪ್ಲಾಟೋ ಎಲ್ಲಕ್ಕಿಂತ ಬದುಕುಳಿಯೋದ್ರ ಜೊತೆ ಬಿಗಿಯಾಗಿ ಹೊಂದ್ಕೊಂಡಿದ್ದು ಡ್ರೈವಿಂಗ್ ಪ್ರೆಷರ್. 15ರ ಒಳಗೆ ಇಡೋಕೆ ನೋಡಿ. ಆದ್ರೆ ಅದು ಹಳೇ ಡೇಟಾ ಮತ್ತೆ ಕೂಡಿಸಿ ಕಳೆದಿದ್ದು, 15 ಏನು ಲಕ್ಷ್ಮಣರೇಖೆ ಅಲ್ಲ, ವೈವಾದಲ್ಲಿ ಇದನ್ನ ಹೇಳಿದ್ರೆ ಎಕ್ಸಾಮಿನರ್ ತಲೆ ಆಡಿಸ್ತಾರೆ.

ಪೀಪ್ ಎಷ್ಟು ಇಡ್ಬೇಕು ಅಂತ ಹಾಸಿಗೆ ಪಕ್ಕದಲ್ಲೇ ಗೊತ್ತಾಗೋ ದಾರಿ ಇದೆಯಾ?

ಒಂದೇ ದಾರಿ ಇಲ್ಲ, ಇದ್ದಿದ್ರೆ ಇಷ್ಟೊಂದು ಜಗಳ ಇರ್ತಿರ್ಲಿಲ್ಲ. ಸುಲಭದ್ದು: ವಾಲ್ಯೂಮ್ ಅಷ್ಟೇ ಇಟ್ಟು ಪೀಪ್ ಎರಡೆರಡು ಏರಿಸಿ ಇಲ್ಲಾ ಇಳಿಸಿ ಪ್ರತಿಸಲ ಹೋಲ್ಡ್ ಒತ್ತಿ. ಪೀಪ್ ಏರಿಸಿದಾಗ ಡ್ರೈವಿಂಗ್ ಪ್ರೆಷರ್ ಇಳಿದ್ರೆ ಮುಚ್ಚಿದ್ದ ಜಾಗ ತೆರೆದಿದೆ, ಏರಿದ್ರೆ ತೆರೆದಿದ್ದನ್ನೇ ಹಿಗ್ಗಿಸ್ತಿದೀರಿ. ಜೊತೆಗೆ ಬಿಪಿ ನೋಡ್ಕೊಳ್ಳಿ, ಸ್ಯಾಚುರೇಶನ್ ಚೆನ್ನಾಗಾಯ್ತು ಅಂತ ಬಿಪಿ ಬಿದ್ದಿದ್ದು ಮರೀಬೇಡಿ.

ಬಟನ್ನೇ ಬೇಡ ಅನ್ನೋರಿಗೆ ಸ್ಟ್ರೆಸ್ ಇಂಡೆಕ್ಸ್. ವಾಲ್ಯೂಮ್ ಕಂಟ್ರೋಲ್‌ನಲ್ಲಿ ಫ್ಲೋ ಒಂದೇ ಸಮ ಇಟ್ಟು ಪ್ರೆಷರ್ ಗೆರೆ ಏರೋ ರೀತಿ ನೋಡಿ. ನೇರ ಇಳಿಜಾರಿನಂಗೆ ಏರಿದ್ರೆ ಒಳ್ಳೇದು. ಬರ್ತಾ ಬರ್ತಾ ಚಪ್ಪಟೆಯಾಗಿ ಬೆನ್ನು ಬಗ್ಗಿಸಿದ್ರೆ ಉಸಿರು ಹೋಗ್ತಾ ಹೋಗ್ತಾ ಜಾಗ ತೆರೀತಿದೆ. ಕೊನೇಲಿ ಜೋಗಿಮಟ್ಟಿ ಏರಿನಂಗೆ ಕಡಿದಾಗಿ ಮೇಲೆದ್ರೆ ಹಿಗ್ಗು ಜಾಸ್ತಿಯಾಗಿದೆ. ಪೇಷಂಟ್ ಸುಮ್ಮನೆ ಮಲಗಿದ್ರೆ ಮಾತ್ರ ಈ ಆಟ.

2020ರಲ್ಲಿ ಬಂದಿದ್ದು ರಿಕ್ರೂಟ್‌ಮೆಂಟ್ ಇನ್‌ಫ್ಲೇಶನ್ ರೇಶಿಯೋ. ಪೀಪ್ 15ರಿಂದ 5ಕ್ಕೆ ಒಂದೇ ಉಸಿರಲ್ಲಿ ಇಳಿಸಿ, ಹೊರಗೆ ಬಂದ ಗಾಳಿ ಅಳೀರಿ. ಮಾಮೂಲಿ ವಾಲ್ಯೂಮು, ಕಡಿಮೆ ಪೀಪ್‌ನ ಕಂಪ್ಲಯನ್ಸ್ ಲೆಕ್ಕದಲ್ಲಿ ಬರಬೇಕಾದ ಗಾಳಿ, ಎರಡನ್ನೂ ಕಳೀರಿ. ಇನ್ನೂ ಮಿಕ್ಕಿದ್ರೆ ಅದು ಪೀಪ್ ಹಿಡಿದು ತೆರೆದಿಟ್ಟಿದ್ದ ಜಾಗದ್ದು. ಅದನ್ನ ಪೀಪ್ ಇಳಿಸಿದ 10ರಿಂದ ಭಾಗಿಸಿ, ಬಂದಿದ್ದನ್ನ ಕಡಿಮೆ ಪೀಪ್‌ನ ಕಂಪ್ಲಯನ್ಸಿಂದ ಭಾಗಿಸಿದ್ರೆ ರೇಶಿಯೋ. ಅದು 0.5 ದಾಟಿದ್ರೆ ಪೀಪ್ ಕೊಟ್ರೆ ಉಪಯೋಗ ಆಗೋ ಶ್ವಾಸಕೋಶ ಅಂತ ಲೆಕ್ಕ. ಮಾಡೋ ಮುಂಚೆ ಏರ್‌ವೇ (ಉಸಿರಿನ ದಾರಿ) ಮುಚ್ಚಿಕೊಂಡಿದೆಯಾ ಅಂತ ನಿಧಾನ ಫ್ಲೋದಲ್ಲಿ ನೋಡಿ, ಇಲ್ಲಾಂದ್ರೆ ಲೆಕ್ಕವೇ ಉಲ್ಟಾ.

ಹೊಟ್ಟೆ ತುಂಬ ನೀರು ಸರ್, ಪ್ಲಾಟೋ 34. ಇದು ಶ್ವಾಸಕೋಶದ್ದಾ ಹೊಟ್ಟೇದಾ?

ಹೋಲ್ಡ್ ಒತ್ತಿದಾಗ ಸಿಗೋದು ಎರಡೂ ಸೇರಿದ ನಂಬರ್. ಮೈ ಮೇಲೆ ಜೋಳದ ಚೀಲ ಹೇರಿದ್ರೆ ಒಳಗಿನ ಶ್ವಾಸಕೋಶ ಚೆನ್ನಾಗಿದ್ರೂ ಪ್ರೆಷರ್ ಬೇಕೇ ಬೇಕು. ಬೇರೆ ಮಾಡಿ ನೋಡೋಕೆ ಇರೋ ದಾರಿ ಅನ್ನನಾಳದ ಬಲೂನು. ಮೂಗಿಂದ ಹೊಟ್ಟೆಗೆ ಇಳಿಸಿ, ಹೃದಯದ ಬಡಿತ ಗೆರೇಲಿ ಕಾಣೋತನಕ ನಿಧಾನಕ್ಕೆ ಹಿಂದಕ್ಕೆ ಎಳೀರಿ, ಕಂಪನಿ ಹೇಳಿದಷ್ಟೇ ಗಾಳಿ ಬಲೂನಿಗೆ ಹಾಕಿ. ಸರಿ ಕೂತಿದೆಯಾ ಅನ್ನೋಕೆ ಏರ್‌ವೇ ಮುಚ್ಚಿಟ್ಟು ಎದೆ ಮೇಲೆ ಮೆಲ್ಲಗೆ ಒತ್ತಿ. ಅನ್ನನಾಳದ ಪ್ರೆಷರ್ ಏರಿದ್ದನ್ನ ಏರ್‌ವೇ ಪ್ರೆಷರ್ ಏರಿದ್ದರಿಂದ ಭಾಗಿಸಿದ್ರೆ 0.8ರಿಂದ 1.2ರ ಒಳಗೆ ಬರಬೇಕು.

ಪ್ಲಾಟೋ 34, ಆಗ ಅನ್ನನಾಳದಲ್ಲಿ 18 ಅಂದ್ರೆ ಶ್ವಾಸಕೋಶಕ್ಕೆ ಬೀಳ್ತಿರೋದು 16, ಹೆದರೋ ಅಂಥದ್ದಲ್ಲ. ಅದೇ ಪೇಷಂಟಲ್ಲಿ ಉಸಿರು ಬಿಟ್ಟ ಮೇಲೆ ಪೀಪ್ 12, ಅನ್ನನಾಳದಲ್ಲಿ 15, ಉಳಿದಿದ್ದು ಮೈನಸ್ 3, ಅಂದ್ರೆ ಪ್ರತಿ ಉಸಿರಿಗೂ ಕೆಳಗಿನ ಭಾಗ ಮುಚ್ಚಿ ಮುಚ್ಚಿ ತೆರೀತಿದೆ. ಪ್ಲಾಟೋ ನೋಡಿ ಪೀಪ್ ಇಳಿಸೋಕೆ ಹೋಗಿದ್ರೆ ಇನ್ನೂ ಕೆಡ್ತಿತ್ತು. 2008ರಲ್ಲಿ 61 ಪೇಷಂಟ್‌ಗಳ ಟ್ರಯಲಲ್ಲಿ ಬಲೂನ್ ನೋಡಿ ಪೀಪ್ ಇಟ್ಟೋರಲ್ಲಿ ಆಕ್ಸಿಜನ್ ಚೆನ್ನಾಗಾಯ್ತು, 2019ರಲ್ಲಿ 200 ಜನರ ಮೇಲೆ ಮಾಡಿದಾಗ ಪೀಪ್ ಜಾಸ್ತಿ ಇಡೋ ಮಾಮೂಲಿ ಪದ್ಧತಿಗಿಂತ ಲಾಭ ಕಾಣ್ಲಿಲ್ಲ. ಹಂಗಾಗಿ ಎಲ್ಲರಿಗೂ ಬೇಡ, ಇಂಥ ಹೊಟ್ಟೆ, ದಪ್ಪ ಮೈ ಇದ್ದೋರಲ್ಲಿ ಇಟ್ಕೊಳ್ಳಿ. ಬಲೂನ್ ಸಿಗದ ಕಡೆ ಮೂತ್ರಕೋಶದ ಪ್ರೆಷರ್ ಅಳೆದ್ರೆ ಹೊಟ್ಟೆ ಎಷ್ಟು ಬಿಗಿದಿದೆ ಅಂತಾದ್ರೂ ಗೊತ್ತಾಗುತ್ತೆ.

ಪ್ರೆಷರ್ ಸಪೋರ್ಟ್‌ಗೆ ಹಾಕಿದೀವಿ, 10 ಮಾತ್ರ ಇದೆ. ಇನ್ನೇನು ಅಳೆಯೋದಿದೆ?

ಅಸಲಿ ಕಷ್ಟ ಇಲ್ಲೇ ಶುರು. ಈ ಮೋಡಲ್ಲಿ ಉಸಿರು ಶುರು ಮಾಡೋದು ಪೇಷಂಟು, ಮಿಷಿನ್ ಬರೀ ಕೈ ಜೋಡಿಸುತ್ತೆ. ಮಿಷಿನ್ 10 ತಳ್ತಿದೆ ಸರಿ, ಪೇಷಂಟ್ ಎಷ್ಟು ಎಳೀತಿದಾನೆ? ಎಳೆದಿದ್ದೂ ಶ್ವಾಸಕೋಶಕ್ಕೇ ಬೀಳೋದು, ಸ್ಕ್ರೀನಲ್ಲಿ ಕಾಣಲ್ಲ ಅಷ್ಟೇ. ಎಕ್ಸ್ಪಿರೇಟರಿ ಹೋಲ್ಡ್ ಒತ್ತಿ, ಮುಚ್ಚಿದ ಏರ್‌ವೇ ವಿರುದ್ಧ ಒಂದೇ ಒಂದು ಸಲ ಎಳೆಯೋಕೆ ಬಿಡಿ, ಪ್ರೆಷರ್ ಎಷ್ಟು ಕೆಳಗೆ ಬಿತ್ತು ನೋಡಿ. 20 ಬಿತ್ತು ಅಂದ್ಕೊಳ್ಳಿ. ಮುಕ್ಕಾಲು ಪಾಲು, ಅಂದ್ರೆ 15, ಸ್ನಾಯುವಿನ ಜೋರು. ಅದೇ 20ರ ಮೂರರಲ್ಲಿ ಎರಡು ಪಾಲು, ಸುಮಾರು 13, ನಿಮ್ಮ 10ಕ್ಕೆ ಕೂಡಿಸಿ, ಶ್ವಾಸಕೋಶಕ್ಕೆ ಬೀಳ್ತಿರೋದು 23. ಸಪೋರ್ಟ್ 10 ಇದೆ, ಆರಾಮಾಗಿದಾನೆ ಅಂದ್ಕೊಂಡ್ರಿ, ಅಲ್ವಾ.

ಪಿ 0.1 ಅಂತ ಇನ್ನೊಂದಿದೆ, ಉಸಿರು ಎಳೆಯೋಕೆ ಶುರು ಮಾಡಿದ ಮೊದಲ 0.1 ಸೆಕೆಂಡಲ್ಲಿ ಬೀಳೋ ಪ್ರೆಷರ್, ಮೆದುಳು ಎಷ್ಟು ಜೋರಾಗಿ ಕೇಳ್ತಿದೆ ಅನ್ನೋದ್ರ ಅಳತೆ. ಸುಮಾರು 1.5ರಿಂದ 3.5 ಇದ್ರೆ ಒಳ್ಳೇದು, ಸೊನ್ನೆ ಹತ್ರ ಇದ್ರೆ ಸೆಡೇಶನ್ನೋ ಸಪೋರ್ಟೋ ಜಾಸ್ತಿಯಾಗಿ ಸ್ನಾಯು ಸೋಮಾರಿಯಾಗ್ತಿದೆ. ಹೊಸ ಮಿಷಿನ್‌ಗಳು ತಾವೇ ತೋರಿಸ್ತಾವೆ, ಎರಡು ಮೂರು ಉಸಿರಿನ ಸರಾಸರಿ ತಗೊಳ್ಳಿ. ಇದೆಲ್ಲ ಮುಗಿದ ಮೇಲೂ ಒಂದ್ಸಲ ಹೊದಿಕೆ ಸರಿಸಿ ಕುತ್ತಿಗೆ ಸ್ನಾಯು ನೋಡಿ, ಕೈಯಿಟ್ಟು ನೋಡಿ, ಹಗ್ಗದಂಗೆ ಬಿಗೀತಿದ್ರೆ ಸಪೋರ್ಟ್ ಕಡಿಮೆಯಾಗಿದೆ.

ಮೆಕ್ಯಾನಿಕಲ್ ಪವರ್ ದಿನಾ ಲೆಕ್ಕ ಹಾಕ್ಬೇಕಾ?

ದಿನಾ ಬೇಡ, ಒಂದ್ಸಲ ಹಾಕಿ ನೋಡಿ, ಬುದ್ಧಿ ಬರುತ್ತೆ. ಮಿಷಿನ್ ನಿಮಿಷಕ್ಕೆ ಎಷ್ಟು ಶಕ್ತಿ ಹಾಕಿ ತಳ್ತಿದೆ ಅನ್ನೋ ಲೆಕ್ಕ ಅದು. 0.098 ಗುಣಿಸು ರೇಟ್ ಗುಣಿಸು ಲೀಟರಲ್ಲಿ ವಾಲ್ಯೂಮ್, ಅದನ್ನ ಪೀಕ್‌ನಲ್ಲಿ ಅರ್ಧ ಡ್ರೈವಿಂಗ್ ಪ್ರೆಷರ್ ಕಳೆದಿದ್ದರಿಂದ ಗುಣಿಸಿ. ಏಳನೇ ಬೆಡ್: ರೇಟ್ 24, ವಾಲ್ಯೂಮ್ 0.38, ಪೀಕ್ 42, ಡ್ರೈವಿಂಗ್ 21, ಬಂದಿದ್ದು ನಿಮಿಷಕ್ಕೆ ಸುಮಾರು 28 ಜೂಲ್. 17ರ ಮೇಲೆ ಹೋದ್ರೆ ಸಾವು ಜಾಸ್ತಿ ಅಂತ 2018ರ ಒಂದು ವಿಶ್ಲೇಷಣೆ ಹೇಳಿದೆ. ಇದರಿಂದ ಕಲಿಯೋದು ಒಂದೇ: ಕಾರ್ಬನ್ ಡೈಆಕ್ಸೈಡ್ ಏರಿತು ಅಂತ ರೇಟ್ ಏರಿಸ್ತಾ ಹೋದ್ರೆ ಅದೂ ಪುಕ್ಕಟೆ ಅಲ್ಲ, ಪಿಎಚ್ 7.2ರ ಮೇಲಿದ್ರೆ ಸ್ವಲ್ಪ ತಡ್ಕೊಳ್ಳಿ.

ಬೋರಲು ಮಲಗಿಸಿದ್ವಿ ಸರ್, ಕಂಪ್ಲಯನ್ಸ್ ಏರೋ ಬದಲು ಇಳೀತು. ವಾಪಸ್ ತಿರುಗಿಸ್ಲಾ?

ಬೇಡ. ಬೋರಲು ಮಲಗಿದಾಗ ಎದೆಯ ಮುಂಭಾಗ ಹಾಸಿಗೆಗೆ ಒತ್ತಿ ಎದೆಗೂಡು ಬಿಗಿಯುತ್ತೆ, ಹೋಲ್ಡ್ ನಂಬರಲ್ಲಿ ಅದೂ ಸೇರಿರುತ್ತೆ, ಮೇಲೆ ಹೇಳಿದ ಜೋಳದ ಚೀಲದ ಲೆಕ್ಕವೇ. ಬೆನ್ನಿನ ಕಡೆ ಭಾಗ ತೆರೆದು ಗಾಳಿ ಸಮನಾಗಿ ಹಂಚ್ತಿರುತ್ತೆ, ಅದು ಈ ನಂಬರಲ್ಲಿ ತಕ್ಷಣ ಕಾಣಲ್ಲ. 2013ರ ಪ್ರೋಸೆವಾ ಟ್ರಯಲಲ್ಲಿ ಪ್ರತಿ ಸಲ ಕನಿಷ್ಠ 16 ತಾಸು ಬೋರಲು ಮಲಗಿಸಿದ ಗುಂಪಲ್ಲಿ 28 ದಿನದ ಸಾವು 16%, ಮಲಗಿಸದ ಗುಂಪಲ್ಲಿ 32.8%. ಆಮೇಲೆ ಅದೇ ಡೇಟಾ ಬಿಡಿಸಿ ನೋಡಿದಾಗ, ಆಕ್ಸಿಜನ್ ಏರಿದ್ದಕ್ಕೂ ಬದುಕಿದ್ದಕ್ಕೂ ನೇರ ಸಂಬಂಧ ಕಾಣ್ಲಿಲ್ಲ.

ತಿರುಗಿಸಿದ ಕೂಡ್ಲೇ ಪೀಕ್ ಮಾತ್ರ ಏರಿ ಪ್ಲಾಟೋ ಅಲ್ಲೇ ಇದ್ರೆ ಟ್ಯೂಬ್ ಮಡಚಿದೆಯಾ, ಜಾಗ ಬದಲಿಸಿದ ಕಫ ಬಂದು ಕಟ್ಟಿದೆಯಾ ನೋಡಿ. ಪ್ಲಾಟೋ ಸ್ವಲ್ಪ ಏರಿ, ಬಿಪಿ ಸರಿ ಇದ್ದು, ಎರಡೂ ಕಡೆ ಗಾಳಿ ಹೋಗ್ತಿದ್ರೆ ಬಿಡಿ, ಮಲಗಿರ್ಲಿ. ನಾಳೆ ಬೆಳಗ್ಗೆ ಮೇಲ್ಮುಖ ತಿರುಗಿಸಿ, ಸೆಡೇಶನ್ ಇಳಿಸೋ ಮುಂಚೆ, ಅದೇ ವಾಲ್ಯೂಮಲ್ಲಿ ಒಂದು ಹೋಲ್ಡ್ ಒತ್ತಿ ನನಗೆ ಫೋಟೋ ಕಳ್ಸಿ.